ಕುಸುಬಿ, ಅಗಸಿ ಮತ್ತು ಆ ಕೋಳಿಯ ಕಾಲು

ಆ ಸಪ್ಪಳ ಇನ್ನೂ ಕಿವಿಯಲ್ಲಿದೆ. ಒಣ ಶೇಂಗಾಕಾಯಿಯನ್ನು ಬೆರಳಲ್ಲಿ ಒಡೆದರೆ ಎಷ್ಟು ಕೇಳಿಸುತ್ತದೋ ಅಷ್ಟೇ. ಎರಡು ವರ್ಷದ ಹಿಂದಿನ ಮೇ ತಿಂಗಳು, ಬೆಳಿಗ್ಗೆ ಆರೂವರೆ. ಶೆಡ್ಡಿನ ಮೂಲೆಯಲ್ಲಿ ಒಂದು ಕೋಳಿ ಕಾಲು ಚಾಚಿ ಮಲಗಿತ್ತು. ಬಿಸಿಲಿಗೆ ಬಳಲಿರಬೇಕು, ನೀರಿನ ಹತ್ತಿರ ಕೂರಿಸೋಣ ಎಂದು ಎರಡೂ ಕಾಲು ಕೂಡಿಸಿ ಹಿಡಿದು ಎತ್ತಿದೆ. ಎಡಗಾಲು ನನ್ನ ಕೈಯಲ್ಲೇ ಮುರಿಯಿತು. ಕೋಳಿ ಕೂಗಲಿಲ್ಲ, ಒದ್ದಾಡಲಿಲ್ಲ, ಕಣ್ಣು ಅರ್ಧ ಮುಚ್ಚಿತು. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊಟ್ಟಿನ ಮೇಲೇ ಕೂತುಬಿಟ್ಟೆ.

ಸತ್ತ ಕೋಳಿ ನೋಡದವಳಲ್ಲ ನಾನು. ಕೊಕ್ಕರೆ ರೋಗ ಬಂದು ಒಂದೇ ವಾರದಲ್ಲಿ ನಲವತ್ತು ಹೋದದ್ದೂ ಇದೆ. ಆದರೆ ಆ ರೋಗ ಹೊರಗಿನಿಂದ ಬಂದಿತ್ತು. ಈ ಕಾಲು ಮುರಿದದ್ದು ನಾನು ಕೈಯಾರೆ ಕಲೆಸಿ ಹಾಕಿದ ತಿನಿಸಿನಿಂದ. ಅದು ನನಗೆ ಗೊತ್ತಾಗಲು ಮೂರು ದಿನ ಬೇಕಾಯಿತು. ಪೂರ್ತಿ ಅರ್ಥವಾಗಲು ಈ ಎರಡು ವರ್ಷ.

ನಮ್ಮೂರು ಧಾರವಾಡದಿಂದ ನವಲಗುಂದದ ಕಡೆ ಹೋಗುವ ದಾರಿಯಲ್ಲಿದೆ. ಎರಿ ಭೂಮಿ. ಹಿಂಗಾರಿಗೆ ಬಿಳಿಜೋಳ, ಕಡಲಿ, ಕುಸುಬಿ, ಅಂಚಿಗೆ ಒಂದೆರಡು ಸಾಲು ಅಗಸಿ. (ನಮ್ಮ ಕಡೆ ಊರ ಹೆಬ್ಬಾಗಿಲಿಗೂ ಅಗಸಿ ಅಂತಲೇ ಅನ್ನುತ್ತೇವೆ. ಇಲ್ಲಿ ನಾನು ಹೇಳುತ್ತಿರುವುದು ಚಟ್ನಿಪುಡಿಯ ಅಗಸಿ.) ಹೊಲದ ಬದಿಗೆ ಒಂದು ಶೆಡ್ಡು ಹಾಕಿ 350 ಲೇಯರ್ ಕೋಳಿ ಸಾಕುತ್ತೇನೆ. ಕೇಜ್ ಇಲ್ಲ, ನೆಲಕ್ಕೆ ಭತ್ತದ ಹೊಟ್ಟು ಹಾಸಿ ಬಿಟ್ಟಿರುತ್ತೇನೆ. ತತ್ತಿ ಧಾರವಾಡದ ಕೆಲವು ಮನೆಗಳಿಗೂ ಎರಡು ಅಂಗಡಿಗೂ ಹೋಗುತ್ತವೆ.

ಆ ವರ್ಷ ಬೇಸಿಗೆ ಬೇಗ ಬಂತು, ಫೀಡಿನ ಚೀಲದ ಬೆಲೆ ಅದಕ್ಕಿಂತ ಬೇಗ ಏರಿತು. ಸೆಕೆಗೆ ಕೋಳಿಗಳು ತಿನ್ನುವುದೂ ಕಡಿಮೆ ಮಾಡಿದವು. ಬೇಸಿಗೆಯಲ್ಲಿ ತಿನಿಸಿಗೆ ಸ್ವಲ್ಪ ಎಣ್ಣೆ ಸೇರಿಸಿದರೆ ಒಳ್ಳೆಯದು ಎಂದು ಒಬ್ಬರು ಹೇಳಿದರು. ಆ ಮಾತು ಸುಳ್ಳಲ್ಲ. ಕಾಳು ಅರಗಿಸುವಾಗ ಮೈಯಲ್ಲಿ ಹುಟ್ಟುವ ಬಿಸಿಗಿಂತ ಎಣ್ಣೆ ಅರಗಿಸುವಾಗ ಹುಟ್ಟುವ ಬಿಸಿ ಕಡಿಮೆ. ಕಡಿಮೆ ತಿಂದರೂ ಶಕ್ತಿ ಸಿಗುತ್ತದೆ. ಹಾಗಾಗಿ ನಾನು 100 ಕಿಲೋಗೆ ಲೆಕ್ಕ ಹಾಕಿದೆ: ಕೊಂಡ ಫೀಡ್ 80, ನಮ್ಮದೇ ಹೊಲದ ಗೋವಿನಜೋಳದ ನುಚ್ಚು 15, ಎಣ್ಣೆ 5. ಮೊದಲ ತಿಂಗಳು ಗಾಣದಲ್ಲಿ ಉಳಿದ ಕುಸುಬಿ ಎಣ್ಣೆಯ ಮಡ್ಡಿ ಸಿಕ್ಕಿತು. ಅದು ತೀರಿದ ಮೇಲೆ ಒಬ್ಬ ವ್ಯಾಪಾರಿಯ ಹತ್ತಿರ ಅಗ್ಗದ ಬಿಡಿ ಎಣ್ಣೆ ತಂದೆ. ಬಣ್ಣ ಕಪ್ಪಾಗಿತ್ತು, ಹಳೆಯ ಬಜ್ಜಿ ಬಾಣಲೆಯ ವಾಸನೆ. ಮೂಗಿಗೆ ಬಂದ ಆ ವಾಸನೆಯನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮೊದಮೊದಲು ಎಲ್ಲ ಚಂದವಿತ್ತು. ಕೋಳಿಗಳ ಗರಿಗೆ ಹೊಳಪು ಬಂತು, ತೂಕ ಏರಿತು, ತತ್ತಿಯೂ ನಿಲ್ಲಲಿಲ್ಲ. ಐದನೇ ವಾರದಿಂದ ಸಿಪ್ಪೆ ತೆಳುವಾಗತೊಡಗಿತು. ಬೇಸಿಗೆಯಲ್ಲಿ ಕೋಳಿ ಬಾಯಿ ತೆರೆದು ಏದುಸಿರು ಬಿಟ್ಟರೆ ಸಿಪ್ಪೆ ಕಟ್ಟಲು ಬೇಕಾದ ರಕ್ತದ ಬೈಕಾರ್ಬನೇಟ್ ಕಡಿಮೆಯಾಗಿ ಸಿಪ್ಪೆ ತೆಳುವಾಗುತ್ತದೆ. ಇದು ನನಗೆ ಮೊದಲೇ ಗೊತ್ತಿತ್ತು, ಗೊತ್ತಿದ್ದದ್ದೇ ತಪ್ಪಾಯಿತು. ಎಲ್ಲವನ್ನೂ ಬಿಸಿಲಿನ ತಲೆಗೆ ಕಟ್ಟಿದೆ.

ಆ ಕೋಳಿ ಮಧ್ಯಾಹ್ನದೊಳಗೆ ಸತ್ತಿತು. ಮರುದಿನ ಇನ್ನೊಂದು. ಮೂರನೇ ದಿನ ಪಶು ಆಸ್ಪತ್ರೆಯ ಡಾಕ್ಟರ್ ಮೇಡಂ ಬಂದರು. ಹಾಸನದ ಕಡೆಯವರು, ನನಗಿಂತ ಚಿಕ್ಕವರು, ನನ್ನನ್ನು "ಅಕ್ಕ" ಎನ್ನುತ್ತಾರೆ. ಬೇವಿನ ಗಿಡದ ಬುಡಕ್ಕೆ ಹಳೆಯ ಚೀಲ ಹಾಸಿ, ಸತ್ತ ಕೋಳಿಯನ್ನು ಅಲ್ಲೇ ಕೊಯ್ದು ತೋರಿಸಿದರು.

"ಬನ್ನಿ ಅಕ್ಕ, ಹತ್ತಿರ ಬನ್ನಿ. ನೀವೇ ನೋಡ್ಬೇಕು ಇದನ್ನ."

ಹೊಟ್ಟೆಯ ತುಂಬ ಹಳದಿ ಕೊಬ್ಬು. ಕತ್ತರಿ ತಾಗಿದರೆ ಎಣ್ಣೆಯ ಹಾಗೆ ಜಾರುತ್ತಿತ್ತು. ಕಲೀಜ ಕೆಂಪಗಿರಬೇಕಾದದ್ದು ಹಣ್ಣಾದ ಮಾವಿನಕಾಯಿಯ ಬಣ್ಣಕ್ಕೆ ತಿರುಗಿತ್ತು, ಬೆರಳಿಟ್ಟರೆ ಪುಡಿಯಾಗುತ್ತಿತ್ತು. ಕೋಳಿ ತನ್ನ ಕೊಬ್ಬನ್ನು ಮಾಡಿಕೊಳ್ಳುವುದು ಬಹುಪಾಲು ಯಕೃತ್ತಿನಲ್ಲೇ. ಅಲ್ಲಿಂದ ಅದು ತತ್ತಿಯ ಹಳದಿಗೆ ಸಾಗಬೇಕು. ಶಕ್ತಿ ಮಿತಿ ಮೀರಿ ಒಳಗೆ ಹೋದರೆ ಸರಕು ಗೋದಾಮಿನಲ್ಲೇ ಬಿದ್ದುಕೊಳ್ಳುತ್ತದೆ. ಆಮೇಲೆ ಮೇಡಂ ಎದೆಮೂಳೆ ತೋರಿಸಿದರು. ದೋಣಿಯ ತಳದಂತೆ ನೆಟ್ಟಗಿರಬೇಕಾದದ್ದು ಹಾವಿನ ಹಾಗೆ ಸೊಟ್ಟಗಾಗಿತ್ತು. ತೊಡೆಮೂಳೆಯನ್ನು ನನ್ನ ಕೈಗೆ ಕೊಟ್ಟು ಬಗ್ಗಿಸಿ ಎಂದರು. ಬಗ್ಗಿತು.

ಮೈತುಂಬ ಕೊಬ್ಬು, ಒಳಗೆ ಟೊಳ್ಳು ಮೂಳೆ. ಒಂದೇ ಕೋಳಿಯಲ್ಲಿ ಎರಡೂ ಹೇಗೆ ಎಂದು ಕೇಳಿದೆ.

ಮೇಡಂ ಒಂದು ಇದ್ದಲಿ ತುಂಡು ತೆಗೆದುಕೊಂಡು ಶೆಡ್ಡಿನ ಗೋಡೆಗೇ ಲೆಕ್ಕ ಬರೆದರು. ಅದನ್ನು ನಾನು ಇಂದಿಗೂ ಅಳಿಸಿಲ್ಲ, ಸುಣ್ಣ ಹೊಡೆಯುವಾಗಲೂ ಅಷ್ಟು ಜಾಗ ಬಿಟ್ಟು ಹೊಡೆಯುತ್ತೇನೆ. ಲೇಯರ್ ಫೀಡಿನಲ್ಲಿ ಕ್ಯಾಲ್ಸಿಯಂ 3.8% ಇತ್ತು. ದಿನಕ್ಕೆ 110 ಗ್ರಾಂ ತಿಂದರೆ 4.2 ಗ್ರಾಂ ಕ್ಯಾಲ್ಸಿಯಂ ಹೊಟ್ಟೆಗೆ ಹೋಗುತ್ತದೆ. ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ರಕ್ತಕ್ಕೆ ಇಳಿಯುತ್ತದೆ. ಒಂದು ತತ್ತಿಯ ಸಿಪ್ಪೆಗೆ ಬೇಕಾದದ್ದು ಸುಮಾರು 2.2 ಗ್ರಾಂ. ಅಂದರೆ ಕೋಳಿಯ ಸಂಸಾರ ಯಾವತ್ತೂ ತೂಗಿ ಅಳೆದು ನಡೆಯುವ ಸಂಸಾರ. ಈಗ ನನ್ನ ಮಿಶ್ರಣ: 20 ಕಿಲೋ ನುಚ್ಚು ಮತ್ತು ಎಣ್ಣೆಯಲ್ಲಿ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ 3.8% ಇದ್ದದ್ದು 3%ಗೆ ಇಳಿಯಿತು. ಇಷ್ಟು ನನಗೂ ಹೊಳೆಯಬಹುದಿತ್ತು. ಹೊಳೆಯದೇ ಇದ್ದದ್ದು ಮುಂದಿನ ಮಾತು.

"ಕೋಳಿ ತಿನ್ನೋದು ಶಕ್ತಿಗೋಸ್ಕರ ಅಕ್ಕ. ಶಕ್ತಿ ಸಾಕಾಗಿ ತುಸು ಹೆಚ್ಚೇ ಆದ್ಮೇಲೆ ನಿಲ್ಲಿಸಿಬಿಡುತ್ತೆ. ಕ್ಯಾಲ್ಸಿಯಂ ಬಂತೋ ಇಲ್ವೋ ಅಂತ ಚೀಲದ ಮೇಲಿನ ಚೀಟಿ ಓದ್ಕೊಂಡು ತಿನ್ನೋದಿಲ್ಲ."

ಎಣ್ಣೆಯಲ್ಲಿ ಕಾಳಿನ ಎರಡು ಪಟ್ಟಿಗಿಂತ ಹೆಚ್ಚು ಶಕ್ತಿ. ನನ್ನ ಮಿಶ್ರಣ ದಟ್ಟವಾಗಿದ್ದರಿಂದ ಕೋಳಿಗಳು 110 ಗ್ರಾಂ ಬದಲು 95 ಗ್ರಾಂಗೇ ಕೊಕ್ಕು ಒರೆಸಿಕೊಂಡು ಎದ್ದು ಹೋಗುತ್ತಿದ್ದವು. 95 ಗ್ರಾಂನಲ್ಲಿ 3% ಅಂದರೆ 2.9 ಗ್ರಾಂ. ಇಳಿಯುವುದು ಅದರ ಅರ್ಧಕ್ಕೆ ಸ್ವಲ್ಪ ಮೇಲೆ. ಪ್ರತಿ ತತ್ತಿಗೂ ಅರ್ಧ ಗ್ರಾಂಗಿಂತ ಹೆಚ್ಚು ಕೊರತೆ. ಕೋಳಿಯ ಕರುಳು ಇನ್ನಷ್ಟು ಹೀರಲು ಒದ್ದಾಡುತ್ತದೆ, ಸಿಪ್ಪೆಯನ್ನು ತೆಳು ಮಾಡಿ ಉಳಿಸಲು ನೋಡುತ್ತದೆ. ಆಗಲೂ ಸಾಲದ್ದನ್ನು ಮೂಳೆಯಿಂದ ತೆಗೆಯುತ್ತದೆ. ಒಂದು ಕೋಳಿಯ ಇಡೀ ಅಸ್ಥಿಪಂಜರದಲ್ಲಿ ಇರುವ ಕ್ಯಾಲ್ಸಿಯಂ ಸುಮಾರು 20 ಗ್ರಾಂ. ಹತ್ತು ತತ್ತಿಗೆ ಐದು ಗ್ರಾಂ ಸಾಲ ಎಂದಿಟ್ಟುಕೊಂಡರೂ ಮೈಯ ಕಾಲು ಭಾಗ ಹೋಯಿತು. ಫೀಡಿನಲ್ಲಿದ್ದ ಡಿ ಜೀವಸತ್ವ, ರಂಜಕ ಎಲ್ಲವೂ ಅದೇ ಲೆಕ್ಕದಲ್ಲಿ ತಗ್ಗಿದ್ದವು.

ಹೆಣ್ಣು ಹಕ್ಕಿಯ ಮೂಳೆಯಲ್ಲಿ ಒಂದು ವಿಶೇಷವಿದೆ. ಮೊದಲ ತತ್ತಿ ಇಡುವ ಎರಡು ವಾರ ಮುಂಚೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಏರಿದಾಗ, ತೊಡೆ ಮತ್ತು ಕಾಲಿನ ಟೊಳ್ಳು ಮೂಳೆಗಳ ಒಳಗೆ ಹೊಸದೊಂದು ಮೆದುಮೂಳೆ ತುಂಬಿಕೊಳ್ಳುತ್ತದೆ. ಇದು ಭಾರ ಹೊರುವ ಮೂಳೆಯಲ್ಲ, ಸುಣ್ಣದ ಹಗೇವು. ಸಿಪ್ಪೆ ಕಟ್ಟಲು ಸುಮಾರು 20 ತಾಸು ಬೇಕು, ಅದರ ಬಹುಪಾಲು ರಾತ್ರಿ. ಹೊಟ್ಟೆ ಖಾಲಿಯಾದ ಆ ಹೊತ್ತಿನಲ್ಲಿ ಕೋಳಿ ಹಗೇವು ತೆರೆದು ತೆಗೆದುಕೊಂಡು ಹಗಲು ಮತ್ತೆ ತುಂಬುತ್ತದೆ. ತೊಂದರೆ ಏನೆಂದರೆ, ತತ್ತಿ ಇಡುವಷ್ಟು ಕಾಲವೂ ಮೂಳೆ ಕಟ್ಟುವ ಜೀವಕೋಶಗಳು ಈ ಹಗೇವನ್ನೇ ಕಟ್ಟುತ್ತಿರುತ್ತವೆ, ಭಾರ ಹೊರುವ ಗಟ್ಟಿ ಮೂಳೆಯ ದುರಸ್ತಿ ನಿಂತಿರುತ್ತದೆ. ತಿನ್ನುವ ಕೋಶಗಳು ಮಾತ್ರ ಎರಡನ್ನೂ ತಿನ್ನುತ್ತವೆ. ವರ್ಷಕ್ಕೆ 300 ತತ್ತಿ ಕೊಡುವ ತಾಯಿ ಒಳಗೊಳಗೇ ಹೀಗೆ ಸವೆಯುತ್ತಾಳೆ. ನಾನು ಅದರ ಮೇಲೆ ಇನ್ನಷ್ಟು ಭಾರ ಹೊರಿಸಿದ್ದೆ.

ಎಣ್ಣೆ ಮಾಡಿದ್ದು ಅಷ್ಟೇ ಅಲ್ಲ. ನಮ್ಮೂರ ಬೋರಿನ ನೀರು ಸವಳು. ಆ ನೀರಲ್ಲಿ ಸಬಕಾರ ಹಚ್ಚಿದರೆ ನೊರೆ ಬರುವುದಿಲ್ಲ, ಮೊಸರಿನ ಗಟ್ಟಿಯಂತೆ ಬಿಳಿ ಚೂರು ಚೂರಾಗಿ ಬಕೆಟಿಗೆ ಅಂಟಿಕೊಳ್ಳುತ್ತದೆ. ಅದು ಏನು ಎಂದು ಮೂವತ್ತು ವರ್ಷ ತೊಳೆಯುತ್ತಾ ಬಂದರೂ ಕೇಳಿಕೊಂಡಿರಲಿಲ್ಲ. ನೀರಿನ ಕ್ಯಾಲ್ಸಿಯಂ ಸಬಕಾರದ ಕೊಬ್ಬಿನಾಮ್ಲವನ್ನು ಹಿಡಿದುಕೊಂಡು ಕರಗದ ಸುಣ್ಣಸಾಬೂನು ಆಗುತ್ತದೆ. ಕೋಳಿಯ ಕರುಳಿನಲ್ಲಿ ನಡೆಯುವುದೂ ಇದೇ. ಪಾಮಿಟಿಕ್, ಸ್ಟಿಯರಿಕ್‌ನಂಥ ಗಟ್ಟಿ ಕೊಬ್ಬಿನಾಮ್ಲಗಳು ತಿನಿಸಿನ ಕ್ಯಾಲ್ಸಿಯಂ ಜೊತೆ ಸೇರಿ ಸಾಬೂನಾಗಿ ಹಿಕ್ಕೆಯಲ್ಲಿ ಹೊರಗೆ ಹೋಗುತ್ತವೆ. ಕೊಬ್ಬೂ ಹೋಯಿತು, ಸುಣ್ಣವೂ ಹೋಯಿತು. ಕುಸುಬಿಯಂಥ ತೆಳು ಎಣ್ಣೆಗಳಲ್ಲಿ ಇದು ಕಡಿಮೆ. ತಾಳೆ ಎಣ್ಣೆಯಲ್ಲಿ ಪಾಮಿಟಿಕ್ ಆಮ್ಲವೇ ಸುಮಾರು 44% ಇರುವುದರಿಂದ ಹೆಚ್ಚು. ನಾನು ತಂದಿದ್ದ ಬಿಡಿ ಎಣ್ಣೆ ಮುಂಜಾನೆಯ ತಂಪಿಗೇ ಡಬ್ಬದ ತಳದಲ್ಲಿ ರವೆಯ ಹಾಗೆ ಗಟ್ಟಿಯಾಗುತ್ತಿತ್ತು. ಇದೇ ಸಾಬೂನು ಆಕಳಿಗೆ ಉಪಕಾರ ಮಾಡುತ್ತದೆ ಎನ್ನುವುದನ್ನೂ ಹೇಳಬೇಕು. ಹೆಚ್ಚು ಹಾಲು ಕೊಡುವ ಆಕಳಿಗೆ ಹಾಕುವ ಬೈಪಾಸ್ ಫ್ಯಾಟ್ ಅಂದರೆ ತಾಳೆ ಕೊಬ್ಬಿನ ಸುಣ್ಣಸಾಬೂನೇ. ಮೆಲುಕು ಹಾಕುವ ಹೊಟ್ಟೆಯಲ್ಲಿ ಅದು ಕರಗದೆ ದಾಟಿ, ಮುಂದಿನ ಹುಳಿ ಹೊಟ್ಟೆಯಲ್ಲಿ ಬಿಡಿಸಿಕೊಂಡು ಕೆಲಸಕ್ಕೆ ಬರುತ್ತದೆ.

ಮತ್ತೆ ಆ ವಾಸನೆ. ಗಾಳಿ, ಬಿಸಿ, ಹಳೆತನ ಸೇರಿ ಕೆಟ್ಟ ಎಣ್ಣೆ ತಿನಿಸಿನೊಳಗಿನ ಇ ಜೀವಸತ್ವವನ್ನು ಸುಟ್ಟುಹಾಕುತ್ತದೆ. ಇ ಇಲ್ಲದೆ ಮರಿಗಳಿಗೆ ಮಿದುಳು ಮೆತ್ತಗಾಗಿ ಕುತ್ತಿಗೆ ತಿರುಚುವ ರೋಗ ಬರುತ್ತದೆ. ಬರೀ ಮೀನು ತಿಂದ ಬೆಕ್ಕುಗಳಿಗೆ ಮೈಕೊಬ್ಬೇ ಹಳದಿ ಬಣ್ಣಕ್ಕೆ ತಿರುಗಿ, ಉರಿಯೂತ ಎದ್ದು, ಮುಟ್ಟಿದರೆ ಚೀರುವ ಹಾಗಾಗುತ್ತದೆ. ಹಾಗಂತ ಎಣ್ಣೆಯೇ ಬೇಡ ಎನ್ನುವ ಹಾಗೂ ಇಲ್ಲ. ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಬರ್ ಮತ್ತು ಅವರ ಹೆಂಡತಿ ಮಿಲ್ಡ್ರೆಡ್ ಬರ್ 1929ರಲ್ಲಿ ಇಲಿಗಳಿಗೆ ಕೊಬ್ಬನ್ನು ಪೂರ್ತಿ ತೆಗೆದ ಆಹಾರ ಕೊಟ್ಟು ನೋಡಿದರು. ಸಕ್ಕರೆ, ಹಾಲಿನ ಪ್ರೋಟೀನು, ಲವಣ, ಜೀವಸತ್ವ ಎಲ್ಲ ಇತ್ತು. ಆದರೂ ಇಲಿಗಳ ಬೆಳವಣಿಗೆ ನಿಂತಿತು, ಬಾಲದ ಚರ್ಮ ಪೊರೆ ಪೊರೆಯಾಗಿ ಎದ್ದಿತು, ಮೂತ್ರಪಿಂಡ ಕೆಟ್ಟಿತು. ಮರುವರ್ಷ ಅದಕ್ಕೆ ಮದ್ದು ಲಿನೋಲಿಯಿಕ್ ಆಮ್ಲ ಎಂಬ ಕೊಬ್ಬಿನಾಮ್ಲ ಎಂದು ತೋರಿಸಿದರು. ನಮ್ಮ ಕುಸುಬಿ ಎಣ್ಣೆಯ ನಾಲ್ಕರಲ್ಲಿ ಮೂರು ಪಾಲು ಇರುವುದು ಅದೇ.

ಮೂಳೆಗೂ ಎಣ್ಣೆಗೂ ಇರುವ ನಂಟು ಅದಕ್ಕಿಂತ ಹತ್ತು ವರ್ಷ ಹಿಂದೆಯೇ ಗೊತ್ತಾಗಿತ್ತು. 1919ರಲ್ಲಿ ಲಂಡನ್ನಿನ ಎಡ್ವರ್ಡ್ ಮೆಲನ್ಬಿ ನಾಯಿಮರಿಗಳನ್ನು ಮನೆಯೊಳಗೇ ಇಟ್ಟು, ಗಂಜಿ, ಬ್ರೆಡ್ಡಿನಂಥ ಆಹಾರ ಕೊಟ್ಟು ಅವಕ್ಕೆ ರಿಕೆಟ್ಸ್ ಬರಿಸಿದರು. ಕಾಲು ಬಿಲ್ಲಿನ ಹಾಗೆ ಬಾಗಿದವು. ಕಾಡ್ ಮೀನಿನ ಕಲೀಜದ ಎಣ್ಣೆ ಕೊಟ್ಟಾಗ ಸರಿಹೋಯಿತು. ಆ ಎಣ್ಣೆಯೊಳಗೆ ಗುಣ ಮಾಡಿದ್ದು ಯಾವುದು ಎಂಬುದನ್ನು 1922ರಲ್ಲಿ ಅಮೆರಿಕದ ಮೆಕಾಲಮ್ ಬಿಡಿಸಿದರು. ಎಣ್ಣೆಯನ್ನು ಕಾಯಿಸಿ ಅದರೊಳಗೆ ಗಾಳಿ ಹಾಯಿಸಿದರು. ಎ ಜೀವಸತ್ವ ಸತ್ತುಹೋಯಿತು, ಆದರೂ ಇಲಿಗಳ ಮೂಳೆಯನ್ನು ಆ ಎಣ್ಣೆ ಗುಣಪಡಿಸುತ್ತಲೇ ಇತ್ತು. ಉಳಿದ ಆ ಅಂಶಕ್ಕೆ ಡಿ ಎಂದು ಹೆಸರಿಟ್ಟರು. ಇದನ್ನು ಓದಿದ ರಾತ್ರಿ ನನ್ನ ಕಪ್ಪು ಎಣ್ಣೆಯ ಡಬ್ಬ ನೆನಪಾಗಿ ನಿದ್ದೆ ಬರಲಿಲ್ಲ. ಗಾಳಿ ಹಾಯ್ದ ಎಣ್ಣೆಯಲ್ಲಿ ಏನು ಸಾಯುತ್ತದೆ ಎಂಬುದು ನೂರು ವರ್ಷದ ಹಿಂದೆಯೇ ಬರೆದಿಟ್ಟ ಸಂಗತಿ.

ಇಲ್ಲಿಂದ ಮುಂದೆ ನನಗೆ ಹುಚ್ಚು ಹಿಡಿಯಿತು ಎನ್ನಬಹುದು. ತಿಂದ ಎಣ್ಣೆ ಮೈಯಲ್ಲಿ ಎಲ್ಲಿ ಹೋಗಿ ಕೂರುತ್ತದೆ ಎಂದು ಕಣ್ಣಾರೆ ನೋಡಬೇಕಿತ್ತು. ಅಷ್ಟರಲ್ಲಿ ಅರ್ಧ ಶೆಡ್ಡಿಗೆ ಅಗಸಿ ಶುರು ಮಾಡಿದ್ದೆ, ಇನ್ನರ್ಧಕ್ಕೆ ಬರೀ ಕೊಂಡ ಫೀಡು. ನಾಲ್ಕು ತಿಂಗಳ ಮೇಲೆ ಎರಡೂ ಕಡೆಯಿಂದ ಒಂದೊಂದು ವಯಸ್ಸಾದ ಕೋಳಿ ಮನೆಯ ಅಡಿಗೆಗೆ ಬಂದವು. ಅದೇ ವಾರ ಜಾತ್ರೆ, ಕುರಿಯ ಮಾಂಸವೂ ಇತ್ತು. ಮೂರರ ಕೊಬ್ಬನ್ನೂ ಬೇರೆ ಬೇರೆ ಕಾಯಿಸಿ, ಸೋಸಿ, ಮೂರು ಸ್ಟೀಲ್ ಬಟ್ಟಲಿಗೆ ಹಾಕಿದೆ. ಕುರಿಯದು ಅಡಿಗೆಮನೆ ಕಟ್ಟೆಯ ಮೇಲೇ ಮೇಣದ ಹಾಗೆ ಬಿಳಿಯಾಗಿ ಹೆಪ್ಪುಗಟ್ಟಿತು. ಉಳಿದ ಎರಡನ್ನು ಫ್ರಿಜ್ಜಿನಲ್ಲಿಟ್ಟೆ. ಮರುದಿನ ಬೆಳಿಗ್ಗೆ ಫೀಡಿನ ಕೋಳಿಯ ಕೊಬ್ಬು ತುಪ್ಪದ ಹಾಗೆ ಹರಳುಗಟ್ಟಿತ್ತು. ಅಗಸಿ ತಿಂದ ಕೋಳಿಯದು ಬಟ್ಟಲು ಓರೆ ಮಾಡಿದರೆ ಹರಿಯುತ್ತಿತ್ತು. ಒಂದೇ ತಳಿ, ಒಂದೇ ವಯಸ್ಸು, ಒಂದೇ ಸೂರು.

ಅತ್ತೆ ಬಂದು ನೋಡಿದರು. "ಇದೇನವಾ, ಒಂದು ಕೋಳಿ ಗಾಣದಾಗಿಂದ ಬಂದಾಂಗದಲಾ!"

ಅವರ ಮಾತು ಹೆಚ್ಚುಕಡಿಮೆ ಸರಿ. ಕೋಳಿ, ಹಂದಿಯಂಥ ಒಂದೇ ಹೊಟ್ಟೆಯ ಪ್ರಾಣಿಗಳು ತಿಂದ ಕೊಬ್ಬಿನಾಮ್ಲವನ್ನು ಬಹಳ ಬದಲಿಸದೆ ಮೈಗೆ ಸೇರಿಸಿಕೊಳ್ಳುತ್ತವೆ. ಅಮೆರಿಕದಲ್ಲಿ 1920ರ ದಶಕದಲ್ಲಿ ಶೇಂಗಾ ಹೊಲಕ್ಕೆ ಮೇಯಲು ಬಿಟ್ಟ ಹಂದಿಗಳ ಮಾಂಸ ಮೆತ್ತಗೆ, ಎಣ್ಣೆ ಎಣ್ಣೆಯಾಗಿ ಬರುತ್ತದೆ ಎಂದು ಸರ್ಕಾರದವರೇ ಕೂತು ಅಧ್ಯಯನ ಮಾಡಿದ್ದರು. ಕುರಿ, ಆಕಳ ಕಥೆ ಬೇರೆ. ಅವು ಹಸಿರು ಹುಲ್ಲಿನಲ್ಲಿ ಎಷ್ಟೇ ಒಮೆಗಾ-3 ಎಂಬ ತೆಳು ಕೊಬ್ಬು ತಿಂದರೂ ಮೆಲುಕು ಹೊಟ್ಟೆಯ ಸೂಕ್ಷ್ಮಾಣುಗಳು ಅದಕ್ಕೆ ಜಲಜನಕ ಸೇರಿಸಿ ಬಹುಪಾಲನ್ನು ಗಟ್ಟಿ ಕೊಬ್ಬಾಗಿಸುತ್ತವೆ. ಅದಕ್ಕೇ ಜಾತ್ರೆಯ ಊಟದಲ್ಲಿ ಕೈ ತೊಳೆಯುವಷ್ಟರಲ್ಲಿ ತಟ್ಟೆಯ ಅಂಚಿಗೆ ಬಿಳಿ ಪದರ ಕಟ್ಟಿರುತ್ತದೆ.

ಕಾಲು ಸೂಪು ಮಾಡುವವರು ಇನ್ನೊಂದನ್ನು ನೋಡಿರುತ್ತಾರೆ: ನಳ್ಳಿಯ ಮಜ್ಜೆ ಮೇಲ್ಗಡೆ ಗಟ್ಟಿ, ಗೊರಸಿನ ಹತ್ತಿರ ಮೆತ್ತಗೆ. ಹಿಮದ ನಾಡಿನ ಜಿಂಕೆಗಳಲ್ಲಿ ಈ ವ್ಯತ್ಯಾಸ ತುಂಬ ಜೋರು. ಹಿಮದಲ್ಲಿ ಊರುವ ಕಾಲಿನ ತುದಿಯ ಕೊಬ್ಬು ಚಳಿಗೆ ಹೆಪ್ಪುಗಟ್ಟಬಾರದು ಎಂದು ದೇಹವೇ ಅಲ್ಲಿಗೆ ತೆಳು ಕೊಬ್ಬನ್ನು ಇಡುತ್ತದೆ. ಕೊಬ್ಬು ಎಂದರೆ ಒಂದೇ ಮುದ್ದೆ ಎಂದು ನಾನು ಅಂದುಕೊಂಡಿದ್ದೆ. ಒಂದೇ ಮೂಳೆಯ ಎರಡು ತುದಿಗೆ ಎರಡು ಥರದ ಕೊಬ್ಬು ಇರುತ್ತದೆ ಎಂದು ತಿಳಿದಾಗ ಒಲೆಯ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತೆ.

ತತ್ತಿಯ ಹಳದಿಯೂ ತಿನಿಸನ್ನು ಹಿಂಬಾಲಿಸುತ್ತದೆ. ಹಳದಿ ಜೋರಾಗಿ ಬೆಳೆಯುವುದು ಕೊನೆಯ ಹತ್ತು ದಿನ, ಹಾಗಾಗಿ ಅಗಸಿ ಶುರು ಮಾಡಿದ ಎರಡು ಮೂರು ವಾರದಲ್ಲಿ ಬದಲಾವಣೆ ಪೂರ್ತಿ ಬರುತ್ತದೆ. ತಿನಿಸಿನಲ್ಲಿ 10% ಅಗಸಿ ಇದ್ದರೆ ಒಂದು ತತ್ತಿಯ ಒಮೆಗಾ-3 ಸುಮಾರು 300 ಮಿಲಿಗ್ರಾಂ ದಾಟುತ್ತದೆ. ಅದರಲ್ಲಿ ಹೆಚ್ಚಿನದು ಅಗಸಿಯ ಆಲ್ಫಾ ಲಿನೋಲೆನಿಕ್ ಆಮ್ಲವೇ. ಮಿದುಳಿಗೆ ಬೇಕಾದ ಇನ್ನೊಂದು ಒಮೆಗಾ-3 ಆದ ಡಿಎಚ್‌ಎ ಕೂಡ ಏರುತ್ತದೆ, ಆದರೆ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಒಟ್ಟು ಕೊಬ್ಬು, ಕೊಲೆಸ್ಟರಾಲ್ ಹೆಚ್ಚೇನೂ ಬದಲಾಗುವುದಿಲ್ಲ. "ಕೊಲೆಸ್ಟರಾಲ್ ಇಲ್ಲದ ತತ್ತಿ" ಎಂದು ಯಾರಾದರೂ ಮಾರಿದರೆ ನಂಬಬೇಡಿ.

ಈಗ ಮೂಳೆಗೆ ಮರಳುತ್ತೇನೆ, ನನ್ನ ಮನಸ್ಸು ಇರುವುದು ಅಲ್ಲೇ. ಕುಸುಬಿ ಮತ್ತು ಅಗಸಿ ಒಂದೇ ಎರಿ ಹೊಲದ, ಒಂದೇ ಹಿಂಗಾರಿಯ ಬೆಳೆಗಳು. ನಾಲಿಗೆಗೆ ಎರಡೂ ಎಣ್ಣೆಯೇ. ಮೈಯೊಳಗೆ ಹೋದ ಮೇಲೆ ಎರಡರ ದಾರಿ ಬೇರೆ. ಕುಸುಬಿಯದು ಒಮೆಗಾ-6, ಅಂದರೆ ಆಗ ಹೇಳಿದ ಲಿನೋಲಿಯಿಕ್ ಆಮ್ಲದ ಗುಂಪು. ಅದರಿಂದ ಅರಾಕಿಡೋನಿಕ್ ಆಮ್ಲ, ಅದರಿಂದ ಪ್ರೊಸ್ಟಗ್ಲಾಂಡಿನ್ ಇ2 ಎಂಬ ಸಂದೇಶವಸ್ತು. ಈ ಇ2 ಮೂಳೆಯೊಳಗೇ ಹುಟ್ಟುತ್ತದೆ. ಹದವಾಗಿದ್ದರೆ ಮೂಳೆ ಕಟ್ಟುವ ಕೋಶಗಳನ್ನು ಎಬ್ಬಿಸುತ್ತದೆ, ಅತಿಯಾದರೆ ತಿನ್ನುವ ಕೋಶಗಳ ಕೈ ಮೇಲಾಗುತ್ತದೆ. ಅಗಸಿಯ ಒಮೆಗಾ-3 ಅದೇ ಕಿಣ್ವಗಳಿಗೆ ಪೈಪೋಟಿ ಕೊಟ್ಟು ಇ2 ಉತ್ಪತ್ತಿಯನ್ನು ತಗ್ಗಿಸುತ್ತದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ವಾಟ್ಕಿನ್ಸ್ ಮತ್ತು ಜೊತೆಯವರು ಕೋಳಿಮರಿಗಳ ಮೇಲೆ ನಡೆಸಿದ ಪ್ರಯೋಗ 1997ರಲ್ಲಿ ಪ್ರಕಟವಾಯಿತು. ಒಮೆಗಾ-6 ಹೆಚ್ಚಿರುವ ಸೋಯಾ ಎಣ್ಣೆ ತಿಂದ ಮರಿಗಳ ಮೂಳೆಯಲ್ಲಿ ಇ2 ಹೆಚ್ಚು ಹುಟ್ಟಿತು. ಬೆಣ್ಣೆ ಕೊಬ್ಬಿನ ಜೊತೆ ಗೋವಿನಜೋಳದ ಎಣ್ಣೆ ತಿಂದ ಮರಿಗಳಲ್ಲಿ ಇ2 ಕಡಿಮೆ, ಮೂಳೆ ಕಟ್ಟುವ ವೇಗ ಹೆಚ್ಚು. ಬೆಣ್ಣೆ ಗೆದ್ದಿತು ಎಂದು ಇದನ್ನು ಓದಬಾರದು. ಮೂಳೆ ಕ್ಯಾಲ್ಸಿಯಂ ಒಂದನ್ನೇ ಕೇಳುವುದಿಲ್ಲ, ಯಾವ ಎಣ್ಣೆ ಯಾವ ಪಾಲಿನಲ್ಲಿ ಎಂದೂ ಕೇಳುತ್ತದೆ ಎಂದು ನಾನು ಓದಿಕೊಂಡೆ.

ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಇನ್ನೂ ಹತ್ತಿರದ್ದು. ಅದು ಬಯಲಲ್ಲಿ ಬಿಟ್ಟು ಸಾಕುವ ತತ್ತಿಕೋಳಿಗಳದ್ದು. ಅಂಥ ಕೋಳಿಗಳಲ್ಲಿ ಎದೆಮೂಳೆ ಮುರಿತ ದೊಡ್ಡ ಪಿಡುಗು, ಅಟ್ಟಣಿಗೆಯಿಂದ ಹಾರಿ ಇಳಿಯುವಾಗ ಬಡಿದು ಮುರಿಯುತ್ತದೆ. ಒಮೆಗಾ-3 ಹೆಚ್ಚಿಸಿದ ತಿನಿಸು ಕೊಟ್ಟ ಹಿಂಡುಗಳಲ್ಲಿ ಈ ಮುರಿತ ಗಣನೀಯವಾಗಿ ಕಡಿಮೆಯಾಯಿತು, ಮೂಳೆಯ ಬಲವೂ ಹೆಚ್ಚಿತ್ತು. ಇದನ್ನು ಡಾಕ್ಟರ್ ಮೇಡಂ ಫೋನಿನಲ್ಲಿ ಓದಿ ಹೇಳುವಾಗ ನನ್ನ ಕೈಯಲ್ಲಿ ಮುರಿದ ಆ ಕಾಲು ಕಣ್ಣ ಮುಂದೆ ಬಂತು.

ಕೊಬ್ಬು ಹೆಚ್ಚಾದರೆ ಮೈಭಾರ ಹೊತ್ತು ಮೂಳೆ ಗಟ್ಟಿಯಾಗುತ್ತದೆ ಎನ್ನುವ ಮಾತು ನಮ್ಮಲ್ಲಿ ಇದೆ. ಅಮೆರಿಕದ ಕೃಷಿ ಇಲಾಖೆಯ ಪ್ರಯೋಗಾಲಯದಲ್ಲಿ ಮೂಷಿಕಗಳಿಗೆ 14 ವಾರ, ಶಕ್ತಿಯ 45% ಕೊಬ್ಬಿನಿಂದಲೇ ಬರುವ ಆಹಾರ ಕೊಟ್ಟು ನೋಡಿದರು. 2009ರಲ್ಲಿ ಪ್ರಕಟವಾದ ಫಲಿತಾಂಶ: ಮೈಭಾರ ಏರಿತು, ಆದರೆ ಮೂಳೆಯ ಒಳಗಿನ ಜೇನುಗೂಡಿನಂಥ ಭಾಗ ಕಡಿಮೆಯಾಯಿತು. ಹೊರಗಿನ ಗಟ್ಟಿ ಗೋಡೆಯಲ್ಲಿ ಬದಲಾವಣೆ ಕಾಣಲಿಲ್ಲ. ಮಜ್ಜೆಯಲ್ಲಿರುವ ಒಂದೇ ತಾಯಿಕೋಶ ಮೂಳೆ ಕಟ್ಟುವ ಕೋಶವೂ ಆಗಬಹುದು, ಕೊಬ್ಬಿನ ಕೋಶವೂ ಆಗಬಹುದು. ಕೊಬ್ಬಿನ ಕಡೆ ಕರೆ ಜೋರಾದರೆ ಮೂಳೆಯ ಕಡೆ ಆಳು ಸಾಲುವುದಿಲ್ಲ.

ಇಷ್ಟೆಲ್ಲ ತಿಳಿದ ಮೇಲೆ ಶೆಡ್ಡಿನಲ್ಲಿ ಏನು ಬದಲಿಸಿದೆ ಎಂದು ಕೇಳುವವರಿಗೆ: ಕೊಂಡ ಫೀಡಿಗೆ ಏನನ್ನೂ ಸುಮ್ಮನೆ ಸುರಿಯುವುದಿಲ್ಲ. ಅಗಸಿ 8% ಸೇರಿಸಿದರೆ ಕ್ಯಾಲ್ಸಿಯಂ, ಡಿ, ಇ ಎಲ್ಲವನ್ನೂ ಮೇಡಂ ಬರೆದುಕೊಟ್ಟ ಚೀಟಿಯ ಪ್ರಕಾರ ಮತ್ತೆ ಏರಿಸಿ ಕಲೆಸುತ್ತೇನೆ. ತೆಳು ಎಣ್ಣೆ ಮೈಗೆ ಹೆಚ್ಚು ಸೇರಿದಷ್ಟೂ ಅದು ಮೈಯೊಳಗೇ ಕೆಡದಂತೆ ಕಾಯಲು ಇ ಜೀವಸತ್ವ ಹೆಚ್ಚು ಬೇಕು. ಅಗಸಿ ಅಂತ ಮಿತಿ ಮೀರಿದರೂ ಯಕೃತ್ತಿಗೆ ಕಷ್ಟ, ತತ್ತಿಗೂ ಮೀನಿನ ವಾಸನೆ. ಡಬ್ಬದ ಬಿಡಿ ಎಣ್ಣೆ ನನ್ನ ಶೆಡ್ಡಿನ ಬಾಗಿಲು ದಾಟುವುದಿಲ್ಲ.

ಅಗಸಿಯನ್ನು ಹಸಿಯಾಗಿ ಹಾಕಬೇಕೋ ಹುರಿದೋ ಎಂದು ನಾನು ತಲೆ ಕೆಡಿಸಿಕೊಂಡಿದ್ದಾಗ ಅತ್ತೆ ಒಲೆಯ ಮುಂದಿನಿಂದ ಏಳದೆಯೇ ಹೇಳಿದ್ದರು. "ಹಸಿ ಅಗಸಿ ಯಾರರ ತಿಂತಾರೇನ? ಹುರದು ಕುಟ್ಟು. ಚಟಚಟ ಅನ್ನೂ ತನಾ ಹುರಿ, ಕರಗ ಮಾಡಬ್ಯಾಡ." ಹಸಿ ಅಗಸಿಯಲ್ಲಿ ಸಯನೈಡ್ ಬಿಡುವ ಅಂಶಗಳಿವೆ, ಬಿಸಿ ತಾಗಿದರೆ ತಗ್ಗುತ್ತವೆ ಎಂದು ಮೇಡಂ ಆಮೇಲೆ ಹೇಳಿದರು. ಬಿ6 ಜೀವಸತ್ವಕ್ಕೆ ಅಡ್ಡ ಬರುವ ಇನ್ನೊಂದು ವಸ್ತುವೂ ಅಗಸಿಯಲ್ಲಿದೆ, ಅದಕ್ಕೆ ಬಿ6 ಬೇರೆ ಸೇರಿಸುತ್ತೇನೆ. ಕುಟ್ಟಿದ ಅಗಸಿ ಗಾಳಿಗೆ ಬೇಗ ಕಮಟುತ್ತದೆ, ಅದಕ್ಕೇ ಮೂರು ದಿನಕ್ಕೆ ಸಾಲುವಷ್ಟನ್ನೇ ಕುಟ್ಟುತ್ತೇವೆ. ಈಗ ಮನೆಯ ಚಟ್ನಿಪುಡಿಗೂ ಕೋಳಿಗೂ ಒಂದೇ ಬಾಣಲೆ. ಮೊದಲು ಚಟ್ನಿಗೆ ತೆಗೆದಿಟ್ಟು ಉಳಿದದ್ದು ಶೆಡ್ಡಿಗೆ. ಹುರಿಯುವುದು ಅತ್ತೆಯೇ, ನನ್ನ ಕೈ ಹದ ಅವರಿಗೆ ಇನ್ನೂ ಒಪ್ಪಿಗೆಯಾಗಿಲ್ಲ.

ಸಂಜೆ ನಾಲ್ಕೂವರೆಗೆ ಶೆಲ್ ಗ್ರಿಟ್ ಹಾಕುತ್ತೇನೆ, ಕಡಲ ಚಿಪ್ಪಿನ ದಪ್ಪ ಚೂರು. ನುಣ್ಣನೆಯ ಸುಣ್ಣದ ಪುಡಿ ರಾತ್ರಿಯಾಗುವ ಮೊದಲೇ ಹೊಟ್ಟೆಯಿಂದ ದಾಟಿಹೋಗುತ್ತದೆ. ದಪ್ಪ ಚೂರು ಜಠರದಲ್ಲಿ ನಿಂತು ನಿಧಾನ ಕರಗುತ್ತದೆ, ಸಿಪ್ಪೆ ಕಟ್ಟುವ ಹೊತ್ತಿಗೆ ಸರಿಯಾಗಿ ಸುಣ್ಣ ಒದಗುತ್ತದೆ, ಹಗೇವಿನ ಬಾಗಿಲು ಅಷ್ಟು ತೆರೆಯಬೇಕಾಗುವುದಿಲ್ಲ. ತತ್ತಿ ಇಡುವ ಕೋಳಿಗಳೇ ಮೊದಲು ಓಡಿ ಬರುತ್ತವೆ, ಬಿಟ್ಟವು ದೂರದಲ್ಲಿ ನಿಂತಿರುತ್ತವೆ. ಯಾವುದು ಇಡುತ್ತಿದೆ, ಯಾವುದು ನಿಲ್ಲಿಸಿದೆ ಎಂದು ಅದನ್ನೇ ನೋಡಿ ಹೇಳಬಹುದು.

ಕೋಳಿಯನ್ನು ಕಾಲು ಹಿಡಿದು ಎತ್ತುವುದನ್ನು ಆವತ್ತಿನಿಂದ ಬಿಟ್ಟೆ. ಎರಡೂ ಕೈ ರೆಕ್ಕೆಯ ಮೇಲಿಟ್ಟು, ಎದೆಯ ಕೆಳಗೆ ಅಂಗೈ ಕೊಟ್ಟು ಎತ್ತುತ್ತೇನೆ. ಎತ್ತಿದಾಗಲೆಲ್ಲ ಬೆರಳು ತಾನಾಗಿ ಎದೆಮೂಳೆಯ ಮೇಲೆ ಹರಿಯುತ್ತದೆ. ಇವತ್ತು ಬೆಳಿಗ್ಗೆ ಹನ್ನೆರಡು ಕೋಳಿಗಳನ್ನು ಹೀಗೆ ಮುಟ್ಟಿ ನೋಡಿದೆ. ಹನ್ನೊಂದು ನೆಟ್ಟಗಿದ್ದವು. ಒಂದರದ್ದು ತುದಿಯಲ್ಲಿ ಸ್ವಲ್ಪ ಬಾಗಿದೆ, ಅದರ ಕಾಲಿಗೆ ಕೆಂಪು ದಾರ ಕಟ್ಟಿದ್ದೇನೆ. ಶುಕ್ರವಾರ ಮೇಡಂ ಬಂದಾಗ ತೋರಿಸಬೇಕು.